ವೇಗದ ಬೌಲಿಂಗಿನ ಆಳ: ಒಂದು ತಾರತಮ್ಯ ವಿಚಾರ

ಕನ್ನಡ ಪಂಡಿತನಾದವನು ಸ್ಮರಣ ಸಂಚಿಕೆಗೆ ಷಟ್‌ಸ್ಥಲವನ್ನೋ ಷಟ್ಪದಿಯನ್ನೋ ಕುರಿತು ಬರೆಯಬೇಕೆಂಬುದು ರೂಢಿ. ಈ ಸಲ ಆ ರೂಢಿಯನ್ನು ಮೀರುತ್ತಿದ್ದೇನೆ, ಹಿರಿಯರು ಮನ್ನಿಸಬೇಕು. ಕಾರಣವಿಷ್ಟೆ. ಟೆಸ್ಟ್ ಕ್ರಿಕೆಟ್ಟಿನಲ್ಲಿ ವೇಗದ ಬೌಲಿಂಗಿನ ಸಂಪತ್ತು ಯಾವ ರಾಷ್ಟ್ರಕ್ಕೆ ಅಧಿಕವೆಂಬ ಚರ್ಚೆ ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಮಧ್ಯಾಹ್ನದ ವಿರಾಮಕ್ಕೆ ಎದ್ದು, ಗಂಟೆ ಬಾರಿಸಿದ ಮೇಲೂ ಮುಗಿಯದೆ ಉಳಿಯುತ್ತದೆ. ಗಣಿತದವರು ಸರಾಸರಿಗಳನ್ನು ಮುಂದಿಡುತ್ತಾರೆ. ವ್ಯಾಯಾಮ ಶಿಕ್ಷಕರು ತಾವು ಕಂಡ ಎಸೆತಗಳನ್ನು ವರ್ಣಿಸುತ್ತಾರೆ. ಇಬ್ಬರೂ ಪ್ರಾಮಾಣಿಕರೇ. ಆದರೆ ಇಬ್ಬರೂ ಬೇರೆ ಬೇರೆ ವಸ್ತುಗಳನ್ನು ಕುರಿತು ಮಾತನಾಡುತ್ತಿದ್ದಾರೆಂದು ನನಗೆ ಅನೇಕ ವೇಳೆ ತೋರಿದೆ. ತರ್ಕಶಾಸ್ತ್ರವನ್ನು ಗುರುಗಳ ಬಳಿ ಕೆಲಕಾಲ ಓದಿದವನಿಗೆ ಇಂಥಲ್ಲಿ ಮೊದಲು ಲಕ್ಷಣವನ್ನು ಗೊತ್ತುಮಾಡಿಕೊಳ್ಳುವ ಚಟ ಬಿಡುವುದಿಲ್ಲ.

ಎತ್ತರ ಬೇರೆ, ಆಳ ಬೇರೆ. ಒಂದು ರಾಷ್ಟ್ರದಲ್ಲಿ ಅತ್ಯಂತ ಶ್ರೇಷ್ಠನಾದ ಬೌಲರನೊಬ್ಬನಿದ್ದರೆ ಅದು ಎತ್ತರ. ಅವನಿಲ್ಲದ ದಿನ ಆ ರಾಷ್ಟ್ರದ ಕೈಯಲ್ಲಿ ಏನು ಉಳಿಯುತ್ತದೆಂಬುದು ಆಳ. ಶ್ರೀಮಠದ ದಾಸೋಹವನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಗ್ರಾಣದ ಯೋಗ್ಯತೆ ಮೊದಲ ಪಂಕ್ತಿಯಲ್ಲಿ ತಿಳಿಯುವುದಿಲ್ಲ. ಜಾತ್ರೆಯ ದಿನ ಹೊತ್ತು ಮೀರಿ ಬಂದ ಕೊನೆಯ ಪಂಕ್ತಿಯವರ ಎಲೆಗೆ ಏನು ಬಿತ್ತು ಎಂಬುದರಿಂದ ತಿಳಿಯುತ್ತದೆ. ಆದುದರಿಂದ ನನ್ನ ಲಕ್ಷಣವಿದು: ಮೊದಲ ಇಬ್ಬರು ಮೂವರು ಬೌಲರರು ಗಾಯದಿಂದಲೋ ವಯಸ್ಸಿನಿಂದಲೋ ಹೊರಗುಳಿದಾಗ, ಮುಂದಿನವರು ಎದುರಾಳಿಯ ಇಪ್ಪತ್ತು ವಿಕೆಟ್ಟುಗಳನ್ನು ಉರುಳಿಸಬಲ್ಲರಾದರೆ ಆ ರಾಷ್ಟ್ರಕ್ಕೆ ಆಳವುಂಟು, ಇಲ್ಲವಾದರೆ ಇಲ್ಲ.

ಇಷ್ಟು ಕಠಿನವಾದ ಲಕ್ಷಣವೇಕೆಂದು ಕೇಳಬಹುದು. ಸಡಿಲವಾದ ಲಕ್ಷಣ ಅತಿವ್ಯಾಪ್ತಿದೋಷಕ್ಕೆ ಗುರಿಯಾಗುತ್ತದೆ. 1985ರ ನವೆಂಬರಿನಲ್ಲಿ ಬ್ರಿಸ್ಬೇನ್ ಟೆಸ್ಟಿನ ಮೊದಲ ಇನ್ನಿಂಗ್ಸಿನಲ್ಲಿ ನ್ಯೂಜಿಲೆಂಡಿನ ರಿಚರ್ಡ್ ಹ್ಯಾಡ್ಲಿ 52 ರನ್ನಿಗೆ 9 ವಿಕೆಟ್ ಪಡೆದರು. ಉಳಿದ ಒಂದು ವಿಕೆಟ್ಟಿಗೂ ಕ್ಯಾಚ್ ಹಿಡಿದವರು ಅವರೇ. ಪಂದ್ಯದಲ್ಲಿ ಒಟ್ಟು 15 ವಿಕೆಟ್. ಆಸ್ಟ್ರೇಲಿಯ ಸೋತಿತು. ಇದನ್ನು ಕಂಡು ಅಂದಿನ ನ್ಯೂಜಿಲೆಂಡಿಗೆ ವೇಗದ ಬೌಲಿಂಗಿನ ಆಳವಿತ್ತೆನ್ನಬಹುದೆ? ಒಬ್ಬ ಮಹಾಪುರುಷನಿದ್ದನೆನ್ನಬಹುದು, ಅಷ್ಟೆ.

ಹ್ಯಾಡ್ಲಿಯವರಿಗೆ ಗೆಲುವಾದರೂ ದೊರೆಯಿತು. ನಮ್ಮವರಿಗೆ ಅದೂ ಇಲ್ಲ. 1983ರ ನವೆಂಬರಿನಲ್ಲಿ ಅಹಮದಾಬಾದಿನಲ್ಲಿ ವೆಸ್ಟ್ ಇಂಡೀಸಿನ ವಿರುದ್ಧ ಕಪಿಲ್ ದೇವ್ ಒಂದೇ ಇನ್ನಿಂಗ್ಸಿನಲ್ಲಿ 83 ರನ್ನಿಗೆ 9 ವಿಕೆಟ್ ಕಿತ್ತರು, ಭಾರತ ಸೋತಿತು. 1999ರ ಫೆಬ್ರವರಿಯಲ್ಲಿ ಕಲ್ಕತ್ತೆಯಲ್ಲಿ ಪಾಕಿಸ್ತಾನದ ವಿರುದ್ಧ ನಮ್ಮ ಜಾವಗಲ್ ಶ್ರೀನಾಥ್ 132 ರನ್ನಿಗೆ 13 ವಿಕೆಟ್ ಪಡೆದರು. ಭಾರತ 46 ರನ್ನುಗಳಿಂದ ಸೋತಿತು. ಇವೆರಡು ಸೋಲಿಗೂ ಬ್ಯಾಟುಗಾರರ ಪಾಲು ದೊಡ್ಡದೆಂಬುದು ನಿಜ. ಆದರೂ ಒಂಟಿ ಎತ್ತಿನ ಬೇಸಾಯವೆಂದರೇನೆಂಬುದಕ್ಕೆ ಇವಕ್ಕಿಂತ ಉತ್ತಮ ಉದಾಹರಣೆ ನನಗೆ ದೊರೆತಿಲ್ಲ.

ಈ ಪ್ರಶ್ನೆ ಬ್ಯಾಟುಗಾರರ ವಿಷಯದಲ್ಲಿ ಅಷ್ಟು ತೀವ್ರವಾಗಿ ಏಳುವುದಿಲ್ಲ, ಸ್ಪಿನ್ನರುಗಳ ವಿಷಯದಲ್ಲಿಯೂ ಏಳುವುದಿಲ್ಲ. ಕಾರಣ ದೇಹಧರ್ಮದಲ್ಲಿದೆ. ವೇಗದ ಬೌಲರನು ಓಡಿಬಂದು ಮುಂಗಾಲನ್ನು ಊರಿದಾಗ ಅವನ ತೂಕದ ಹಲವು ಪಟ್ಟು ಭಾರ ಆ ಒಂದು ಕಾಲಿನ ಮೇಲೆ ಬೀಳುತ್ತದೆ. ಅದೇ ಕ್ಷಣದಲ್ಲಿ ಬೆನ್ನು ಬಾಗಿ ತಿರುಚುತ್ತದೆ. ದಿನಕ್ಕೆ ನೂರಕ್ಕೂ ಹೆಚ್ಚು ಬಾರಿ ಹೀಗಾಗುವುದುಂಟು. ಹರೆಯದಲ್ಲಿ, ಎಲುಬು ಇನ್ನೂ ಬಲಿಯದಿರುವಾಗ, ಬೆನ್ನುಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿಕೊಳ್ಳುವುದು ಈ ವೃತ್ತಿಯ ಸಾಮಾನ್ಯ ರೋಗ. ಅದಕ್ಕೆ ಮುಖ್ಯ ಔಷಧ ವಿಶ್ರಾಂತಿ. ವಿಶ್ರಾಂತಿಯನ್ನು ಕೊಡಬಲ್ಲದ್ದು ಆಳವುಳ್ಳ ರಾಷ್ಟ್ರ ಮಾತ್ರ. ಆಸ್ಟ್ರೇಲಿಯದ ಪ್ಯಾಟ್ ಕಮಿನ್ಸ್ 2011ರ ನವೆಂಬರಿನಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಜೊಹಾನ್ಸ್‌ಬರ್ಗಿನಲ್ಲಿ ಮೊದಲ ಟೆಸ್ಟ್ ಆಡಿ ಒಂದು ಇನ್ನಿಂಗ್ಸಿನಲ್ಲಿ 79 ರನ್ನಿಗೆ 6 ವಿಕೆಟ್ ಪಡೆದರು. ಅವರ ಎರಡನೆಯ ಟೆಸ್ಟ್ ಯಾವಾಗ? 2017ರ ಮಾರ್ಚಿನಲ್ಲಿ, ನಮ್ಮ ರಾಂಚಿಯಲ್ಲಿ. ನಡುವೆ ಐದು ವರ್ಷಕ್ಕೂ ಮಿಕ್ಕಿ ಕಾಲ ಗಾಯಗಳಲ್ಲಿಯೂ ಚೇತರಿಕೆಯಲ್ಲಿಯೂ ಕಳೆಯಿತು. ಆಸ್ಟ್ರೇಲಿಯ ಕಾಯಿತು, ಕಾಯಲು ಅದಕ್ಕೆ ಸಾಧ್ಯವಿತ್ತು. ಆಳವಿಲ್ಲದ ರಾಷ್ಟ್ರವಾಗಿದ್ದರೆ ಆ ಹುಡುಗನನ್ನು ಮರುವರ್ಷವೇ ನೊಗಕ್ಕೆ ಹೂಡಿ ಮುಗಿಸಿಬಿಡುತ್ತಿತ್ತು. ಈ ವಿಚಾರದಲ್ಲಿ ಪಣಕ್ಕಿರುವುದು ಗೆಲುವು ಸೋಲುಗಳ ಲೆಕ್ಕ ಮಾತ್ರವಲ್ಲ, ಎಳೆಯ ಹುಡುಗರ ಬೆನ್ನುಮೂಳೆ.

ಇನ್ನು ಇತಿಹಾಸದ ಕಡೆಗೆ ತಿರುಗೋಣ. ಆಳವೆಂಬ ಪದಕ್ಕೆ ಪರಮಾವಧಿಯ ಅರ್ಥವನ್ನು ಕೊಟ್ಟದ್ದು 1970ರ ದಶಕದ ಕೊನೆಯಿಂದ 1990ರ ದಶಕದ ಆರಂಭದವರೆಗಿನ ವೆಸ್ಟ್ ಇಂಡೀಸ್. ಈ ಪರಂಪರೆಯ ಆರಂಭದಲ್ಲಿ ಭಾರತದ ಪಾತ್ರವೊಂದಿದೆ. 1976ರ ಏಪ್ರಿಲ್‌ನಲ್ಲಿ ಪೋರ್ಟ್ ಆಫ್ ಸ್ಪೇನಿನಲ್ಲಿ ಕ್ಲೈವ್ ಲಾಯ್ಡ್ ಮೂವರು ಸ್ಪಿನ್ನರುಗಳನ್ನು ಆಡಿಸಿದರು. ಭಾರತ ನಾಲ್ಕನೆಯ ಇನ್ನಿಂಗ್ಸಿನಲ್ಲಿ 4 ವಿಕೆಟ್ಟಿಗೆ 406 ರನ್ ಹೊಡೆದು ಗೆದ್ದಿತು. ಕೆಲವೇ ತಿಂಗಳ ಹಿಂದೆ ಆಸ್ಟ್ರೇಲಿಯದಲ್ಲಿ ಲಿಲ್ಲಿ, ಥಾಮ್ಸನ್ನರ ವೇಗಕ್ಕೆ ಸಿಕ್ಕಿ 5-1ರಿಂದ ಸೋತುಬಂದಿದ್ದ ಲಾಯ್ಡ್ ಅವರಿಗೆ ಇನ್ನು ಬೇರೆ ಪಾಠ ಬೇಕಾಗಿರಲಿಲ್ಲ. ಮುಂದಿನ ಟೆಸ್ಟು ಕಿಂಗ್‌ಸ್ಟನ್ನಿನ ಸಬೀನಾ ಪಾರ್ಕಿನಲ್ಲಿ. ಅಲ್ಲಿ ವೇಗವೊಂದೇ ಮಂತ್ರವಾಯಿತು. ನಮ್ಮ ಜಿ. ಆರ್. ವಿಶ್ವನಾಥರ ಬೆರಳು ಮುರಿಯಿತು, ಬ್ರಿಜೇಶ್ ಪಟೇಲರ ಬಾಯಿಗೆ ಪೆಟ್ಟು ಬಿತ್ತು, ಅಂಶುಮಾನ್ ಗಾಯಕ್ವಾಡರ ಕಿವಿಗೆ ಚೆಂಡು ಬಡಿದು ಅವರು ಆಸ್ಪತ್ರೆ ಸೇರಿದರು. ಭಾರತದ ಎರಡನೆಯ ಇನ್ನಿಂಗ್ಸು 97 ರನ್ನಿಗೆ ಐದು ವಿಕೆಟ್ ಬಿದ್ದಾಗಲೇ, ಆಡುವವರಿಲ್ಲದೆ ಮುಗಿಯಿತು.

ಆ ಪಂದ್ಯದಲ್ಲಿ ಬೌಲ್ ಮಾಡಿದವರಲ್ಲಿ ವೇಯ್ನ್ ಡೇನಿಯಲ್ ಎಂಬ ತರುಣನೊಬ್ಬನಿದ್ದ. ಇಂಗ್ಲೆಂಡಿನ ಕೌಂಟಿಗಳು ಮುಂದೆ ಹಲವು ವರ್ಷ ನಡುಗಿದ ಈ ಬೌಲರನಿಗೆ ತನ್ನ ದೇಶದ ಪರವಾಗಿ ದೊರೆತದ್ದು ಹತ್ತು ಟೆಸ್ಟುಗಳು ಮಾತ್ರ, ವಿಕೆಟ್ 36. ಸಿಲ್ವೆಸ್ಟರ್ ಕ್ಲಾರ್ಕರಿಗೆ ಹನ್ನೊಂದು ಟೆಸ್ಟು, ವಿಕೆಟ್ 42. ಇವರಿಬ್ಬರೂ ಬೇರೆ ಯಾವ ರಾಷ್ಟ್ರದಲ್ಲಿ ಹುಟ್ಟಿದ್ದರೂ ಹೊಸ ಚೆಂಡು ಹತ್ತು ವರ್ಷ ಅವರ ಕೈ ಬಿಡುತ್ತಿರಲಿಲ್ಲ. ಇವರಿಗೆ ಎಡೆಯಿಲ್ಲದಂತೆ ಮಾಡಿದವರು ರಾಬರ್ಟ್ಸ್ (202 ವಿಕೆಟ್), ಹೋಲ್ಡಿಂಗ್ (249), ಗಾರ್ನರ್ (259), ಕ್ರಾಫ್ಟ್ (125), ಅನಂತರ ಮಾರ್ಷಲ್ (376). ಹೊರಗುಳಿದವರ ಹಸಿವು ಎಷ್ಟಿತ್ತೆಂದರೆ 1983ರಲ್ಲಿ, ವರ್ಣಭೇದ ನೀತಿಯ ಕಾರಣದಿಂದ ಬಹಿಷ್ಕೃತವಾಗಿದ್ದ ದಕ್ಷಿಣ ಆಫ್ರಿಕಕ್ಕೆ ಹೋದ ಬಂಡಾಯ ತಂಡದಲ್ಲಿ ಕ್ರಾಫ್ಟ್, ಕ್ಲಾರ್ಕ್, ಎಜ್ರಾ ಮೋಸ್ಲಿ, ಫ್ರಾಂಕ್ಲಿನ್ ಸ್ಟೀಫನ್ಸನ್ ಇದ್ದರು. ನಾಲ್ವರು ಒಮ್ಮೆಗೇ ಹೋದರೂ ವೆಸ್ಟ್ ಇಂಡೀಸಿಗೆ ಏನೂ ಆಗಲಿಲ್ಲ. 1980ರಿಂದ 1995ರವರೆಗೆ ಅದು ಒಂದು ಟೆಸ್ಟ್ ಸರಣಿಯನ್ನೂ ಸೋಲಲಿಲ್ಲ. ಇದಕ್ಕಿಂತ ಆಳದ ಪ್ರಮಾಣ ಬೇರೆ ಬೇಕೆ?

ಮಾರ್ಷಲ್, ಗಾರ್ನರ್, ಕ್ಲಾರ್ಕ್, ಡೇನಿಯಲ್, ಮೋಸ್ಲಿ, ಸ್ಟೀಫನ್ಸನ್ ಈ ಆರು ಮಂದಿಯೂ ಬಾರ್ಬಡೋಸ್ ಎಂಬ ಒಂದೇ ದ್ವೀಪದವರು. ಅದರ ಜನಸಂಖ್ಯೆ ಮೂರು ಲಕ್ಷಕ್ಕೂ ಕಡಮೆ. ನಮ್ಮ ದೊಡ್ಡ ತಾಲೂಕೊಂದರಷ್ಟು ಜನರಿಲ್ಲದ ನೆಲದಲ್ಲಿ ಇಷ್ಟು ಮಂದಿ ಹುಟ್ಟಿದರೆಂಬುದನ್ನು ನೆನೆದಾಗಲೆಲ್ಲ, ಜನಸಂಖ್ಯೆಯಿಂದ ಪ್ರತಿಭೆಯನ್ನು ಅಳೆಯುವವರ ವಾದ ನನಗೆ ರುಚಿಸುವುದಿಲ್ಲ.

ಆದರೆ ಬಾವಿ ಬತ್ತಿತು. 2000ದಲ್ಲಿ ಆಂಬ್ರೋಸ್ (405), 2001ರಲ್ಲಿ ವಾಲ್ಶ್ (519) ನಿವೃತ್ತರಾದ ಮೇಲೆ ಅವರ ಹಿಂದೆ ಸಾಲು ಇರಲಿಲ್ಲ. ಪ್ರತಿಭೆ ಈಗಲೂ ಚಿಮ್ಮುತ್ತದೆ: 2024ರ ಜನವರಿಯಲ್ಲಿ ಬ್ರಿಸ್ಬೇನಿನಲ್ಲಿ ಶಮಾರ್ ಜೋಸೆಫ್ ಜಖಮಾದ ಕಾಲ್ಬೆರಳಿನಿಂದಲೇ ಬೌಲ್ ಮಾಡಿ 68 ರನ್ನಿಗೆ 7 ವಿಕೆಟ್ ಪಡೆದು, 8 ರನ್ನುಗಳ ಗೆಲುವನ್ನು ತಂದರು. ಗಯಾನಾದಲ್ಲಿ ದೋಣಿಯಲ್ಲಿ ಹೋಗಬೇಕಾದ ಒಂದು ಹಳ್ಳಿ ಅವರದು. ಅದು ಚಿಲುಮೆ, ಕೆರೆಯಲ್ಲ. ಮರುವರ್ಷ, 2025ರ ಜುಲೈಯಲ್ಲಿ, ಅದೇ ಸಬೀನಾ ಪಾರ್ಕಿನಲ್ಲಿ ಆಸ್ಟ್ರೇಲಿಯದ ವೇಗಕ್ಕೆ ವೆಸ್ಟ್ ಇಂಡೀಸ್ 27 ರನ್ನಿಗೆ ಉರುಳಿತು. ಸ್ಟಾರ್ಕ್ 9 ರನ್ನಿಗೆ 6, ಬೋಲಂಡ್ ಹ್ಯಾಟ್ರಿಕ್.

ಲೆಕ್ಕದ ಪುಸ್ತಕದಲ್ಲಿ ಕಾಣದ ಆಳವೂ ಉಂಟು. ಇಂಗ್ಲೆಂಡಿನ ಡರ್ಬಿಶೈರಿನ ಲೆಸ್ ಜಾಕ್ಸನ್ ಪ್ರಥಮ ದರ್ಜೆಯಲ್ಲಿ ಸಾವಿರದ ಏಳುನೂರಕ್ಕೂ ಹೆಚ್ಚು ವಿಕೆಟ್ ಪಡೆದವರು. ಆಡಿದ ಟೆಸ್ಟು ಎರಡೇ, ಒಂದು 1949ರಲ್ಲಿ, ಇನ್ನೊಂದು 1961ರಲ್ಲಿ. ಟ್ರೂಮನ್, ಸ್ಟ್ಯಾಥಮ್, ಟೈಸನ್ನರ ಕಾಲವದು. ದಕ್ಷಿಣ ಆಫ್ರಿಕದ ಕಥೆ ಇನ್ನೂ ವಿಚಿತ್ರ. 1970ರಿಂದ ಎರಡು ದಶಕಗಳ ಬಹಿಷ್ಕಾರದಲ್ಲಿ ಮೈಕ್ ಪ್ರಾಕ್ಟರರ ಟೆಸ್ಟ್ ಜೀವನ ಏಳು ಪಂದ್ಯ, 41 ವಿಕೆಟ್ಟಿಗೆ ನಿಂತಿತು. ವಿನ್ಸೆಂಟ್ ವಾನ್ ಡರ್ ಬೈಲ್ ಒಂದು ಟೆಸ್ಟನ್ನೂ ಕಾಣಲಿಲ್ಲ. ಕರಿಯ ಜನರ ನಡುವೆ ಅವಕಾಶವೇ ಇಲ್ಲದೆ ಅಡಗಿಹೋದ ಬೌಲರರೆಷ್ಟೋ. ಮಖಾಯಾ ಎನ್‌ಟಿನಿ ಬಂದು 390 ವಿಕೆಟ್ ಪಡೆದ ಮೇಲಷ್ಟೇ ಆ ನಷ್ಟದ ಅಂದಾಜು ಜಗತ್ತಿಗೆ ಸಿಕ್ಕಿತು. ಅನಂತರವೂ ಸೋರುವಿಕೆ ನಿಲ್ಲಲಿಲ್ಲ. ಕೋಲ್ಪಾಕ್ ಎಂಬ ಯೂರೋಪಿನ ಕಾನೂನಿನ ದಾರಿಯಿಂದ ಕೈಲ್ ಆಬಟ್ 2017ರಲ್ಲಿ, ಡ್ವೇನ್ ಒಲಿವಿಯರ್ 2019ರಲ್ಲಿ ಇಂಗ್ಲೆಂಡಿನ ಕೌಂಟಿಗಳಿಗೆ ಹೊರಟರು. ಪ್ರಿಟೋರಿಯದಲ್ಲಿ ಹುಟ್ಟಿದ ನೀಲ್ ವ್ಯಾಗ್ನರ್ ನ್ಯೂಜಿಲೆಂಡಿಗೆ 260 ವಿಕೆಟ್ ತಂದುಕೊಟ್ಟರು. ಇಷ್ಟು ಸೋರಿದರೂ ಬರಿದಾಗದ ಕೊಪ್ಪರಿಗೆಯನ್ನು ಆಳವುಳ್ಳದ್ದೆನ್ನದೆ ಮತ್ತೇನೆನ್ನಬೇಕು?

ಇನ್ನು ನಮ್ಮ ದೇಶ. 1932ರಲ್ಲಿ ಲಾರ್ಡ್ಸಿನಲ್ಲಿ ಭಾರತ ತನ್ನ ಮೊದಲ ಟೆಸ್ಟನ್ನು ಆಡಿದಾಗ ಹೊಸ ಚೆಂಡು ಮಹಮ್ಮದ್ ನಿಸಾರ್, ಅಮರ್ ಸಿಂಗ್ ಎಂಬಿಬ್ಬರ ಕೈಯಲ್ಲಿತ್ತು. ನಿಸಾರ್ ಮೊದಲ ಇನ್ನಿಂಗ್ಸಿನಲ್ಲಿಯೇ ಐದು ವಿಕೆಟ್ ಪಡೆದರು. ಆ ಆರಂಭವನ್ನು ಕಂಡವರು ಮುಂದಿನ ಬರಗಾಲವನ್ನು ಊಹಿಸಿರಲಾರರು. ಬರ ಎಂಥದೆಂಬುದಕ್ಕೆ ಒಂದು ದೃಷ್ಟಾಂತ ಸಾಕು. 1967ರಲ್ಲಿ ಬರ್ಮಿಂಗ್‌ಹ್ಯಾಮಿನ ಎಜ್‌ಬಾಸ್ಟನ್ ಟೆಸ್ಟಿನಲ್ಲಿ ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ನಾಲ್ವರೂ ಒಟ್ಟಿಗೆ ಆಡಿದರು. ಹೊಸ ಚೆಂಡನ್ನು ಹಿಡಿಯುವವರಿಲ್ಲ. ಆಗ ಚೆಂಡು ಹೋದದ್ದು ನಮ್ಮ ದಕ್ಷಿಣ ಕನ್ನಡದ ಮೂಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದರನ್ ಅವರ ಕೈಗೆ. ಅವರು ವಿಕೆಟ್ ಕೀಪರು! ಮುಂದೆ ಸೋಲ್ಕರ್, ಗಾವಸ್ಕರ್ ಮೊದಲಾದವರು ಕೆಲವು ಓವರುಗಳನ್ನು ಹಾಕಿ ಚೆಂಡಿನ ಹೊಳಪನ್ನು ಕಳೆದು ಸ್ಪಿನ್ನರುಗಳಿಗೆ ಒಪ್ಪಿಸುವುದೇ ಸಂಪ್ರದಾಯವಾಯಿತು. ಪ್ರಸನ್ನ, ಚಂದ್ರಶೇಖರರಂಥವರಿದ್ದಾಗ ಅದು ಅವಿವೇಕವೂ ಆಗಿರಲಿಲ್ಲವೆನ್ನಿ. ಕನ್ನಡಿಗನಾಗಿ ಅಷ್ಟು ಪಕ್ಷಪಾತ ನನಗಿರಲಿ.

1978ರಲ್ಲಿ ಕಪಿಲ್ ದೇವ್ ಬಂದರು. 131 ಟೆಸ್ಟು, 434 ವಿಕೆಟ್. ಗಾಯದ ಕಾರಣದಿಂದ ಅವರು ಒಂದು ಟೆಸ್ಟನ್ನೂ ತಪ್ಪಿಸಿಕೊಳ್ಳಲಿಲ್ಲ. ಆ ಉಕ್ಕಿನ ಬೆನ್ನು ನಮ್ಮ ದಾರಿದ್ರ್ಯವನ್ನು ಹದಿನಾರು ವರ್ಷ ಮುಚ್ಚಿಟ್ಟಿತು. ಅವರ ನಂತರ ಭಾರ ಶ್ರೀನಾಥರ ಮೇಲೆ ಬಿತ್ತು. ಸುತ್ತೂರು ಶ್ರೀಮಠದ ವಿದ್ಯಾಪೀಠಕ್ಕೆ ಸೇರಿದ ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಶ್ರೀನಾಥರನ್ನು ನಮ್ಮಂಥ ಸಂಸ್ಥೆಗಳವರು ಅಭಿಮಾನದಿಂದ ನೆನೆಯುವುದು ಸಹಜ. 1996-97ರ ಋತುವಿನಲ್ಲಿ ಶ್ರೀನಾಥ್, ವೆಂಕಟೇಶ್ ಪ್ರಸಾದ್, ಡೇವಿಡ್ ಜಾನ್ಸನ್, ದೊಡ್ಡ ಗಣೇಶ್ ಎಂಬ ನಾಲ್ವರು ವೇಗದ ಬೌಲರರು ಒಂದೇ ರಾಜ್ಯದಿಂದ ಭಾರತದ ಪರವಾಗಿ ಟೆಸ್ಟ್ ಆಡಿದರು. ಹೆಮ್ಮೆಯ ಸಂಗತಿಯೇ. ಆದರೆ ಮಗ್ಗುಲು ತಿರುಗಿಸಿ ನೋಡಿದರೆ, ಇಡೀ ರಾಷ್ಟ್ರ ತನ್ನ ಹೊಸ ಚೆಂಡಿಗಾಗಿ ಒಂದು ರಾಜ್ಯದ ಬಾಗಿಲನ್ನು ತಟ್ಟಬೇಕಾಗಿತ್ತು. ಜಾನ್ಸನ್ ಎರಡು ಟೆಸ್ಟು, ಗಣೇಶ್ ನಾಲ್ಕು ಟೆಸ್ಟು ಆಡಿ ನಿಂತರು. 1997ರಲ್ಲಿ ಶ್ರೀನಾಥರ ಭುಜವೇ ಸೋತು ಅವರು ತಿಂಗಳುಗಟ್ಟಲೆ ಆಟದಿಂದ ದೂರವಿರಬೇಕಾಯಿತು.

ಬದಲಾವಣೆ ಒಮ್ಮೆಗೇ ಆಗಲಿಲ್ಲ. 1987ರಲ್ಲಿ ಮದರಾಸಿನಲ್ಲಿ ಆರಂಭವಾದ ಎಂ.ಆರ್.ಎಫ್. ವೇಗದ ಬೌಲಿಂಗ್ ಶಾಲೆಯಲ್ಲಿ ಡೆನ್ನಿಸ್ ಲಿಲ್ಲಿಯವರು ಎರಡು ದಶಕಗಳಿಗೂ ಮಿಕ್ಕಿ ನಮ್ಮ ಹುಡುಗರನ್ನು ತಿದ್ದಿದರು. ಶ್ರೀನಾಥ್, ಪ್ರಸಾದ್, ಜಹೀರ್ ಖಾನ್ ಅಲ್ಲಿ ಪಳಗಿದವರೇ. ಫಲ ಮಾಗಿದ್ದು ಮುಂದಿನ ತಲೆಮಾರಿನಲ್ಲಿ. 2018ರ ಜನವರಿಯಲ್ಲಿ ಜೊಹಾನ್ಸ್‌ಬರ್ಗಿನಲ್ಲಿ ಭಾರತ ಒಬ್ಬ ಸ್ಪಿನ್ನರನೂ ಇಲ್ಲದೆ ಆಡಿ, ಇಪ್ಪತ್ತು ವಿಕೆಟ್ಟನ್ನೂ ವೇಗದಿಂದ ಕಿತ್ತು ಗೆದ್ದಿತು. ಅದು ಎತ್ತರಕ್ಕೆ ಪ್ರಮಾಣ. ಆಳಕ್ಕೆ ಪ್ರಮಾಣ ದೊರೆತದ್ದು 2021ರ ಜನವರಿಯಲ್ಲಿ, ಬ್ರಿಸ್ಬೇನಿನಲ್ಲಿ. ಬುಮ್ರಾ, ಶಮಿ, ಇಶಾಂತ್, ಉಮೇಶ್, ಭುವನೇಶ್ವರ್ ಐವರೂ ಇಲ್ಲ. ಅಶ್ವಿನ್, ಜಡೇಜರೂ ಇಲ್ಲ. ಆಡಿದವರು ಎರಡು ಟೆಸ್ಟಿನ ಅನುಭವದ ಸಿರಾಜ್, ಒಂದೊಂದು ಟೆಸ್ಟಿನ ಸೈನಿ, ಶಾರ್ದೂಲ್, ಮೊದಲ ಟೆಸ್ಟಿಗೆ ಕಾಲಿಟ್ಟ ನಟರಾಜನ್, ವಾಷಿಂಗ್ಟನ್ ಸುಂದರ್. ಇಪ್ಪತ್ತು ವಿಕೆಟ್ ಬಿದ್ದವು. ಸಿರಾಜರಿಗೆ ಎರಡನೆಯ ಇನ್ನಿಂಗ್ಸಿನಲ್ಲಿ ಐದು. 1988ರಿಂದ ಆ ಮೈದಾನದಲ್ಲಿ ಸೋಲನ್ನರಿಯದ ಆಸ್ಟ್ರೇಲಿಯ ಸೋತಿತು. ಕೊನೆಯ ಪಂಕ್ತಿಗೂ ಅನ್ನ ಬಿದ್ದ ದಿನವದು.

ಹಾಗೆಂದು ಬೀಗುವಂತಿಲ್ಲ. 2024-25ರಲ್ಲಿ ಆಸ್ಟ್ರೇಲಿಯದಲ್ಲಿ ಬುಮ್ರಾ ಐದು ಟೆಸ್ಟುಗಳಲ್ಲಿ 32 ವಿಕೆಟ್ ಪಡೆದರು. ಕೊನೆಯ ಟೆಸ್ಟಿನಲ್ಲಿ, ಸಿಡ್ನಿಯಲ್ಲಿ, ಬೆನ್ನುನೋವಿನಿಂದ ಎರಡನೆಯ ಇನ್ನಿಂಗ್ಸಿನಲ್ಲಿ ಅವರು ಚೆಂಡನ್ನೇ ಹಿಡಿಯಲಾಗಲಿಲ್ಲ. ಆಸ್ಟ್ರೇಲಿಯ ಬೇಕಾಗಿದ್ದ 162 ರನ್ನನ್ನು ಆರು ವಿಕೆಟ್ ಉಳಿಸಿಕೊಂಡು ಹೊಡೆಯಿತು. ಅಂದು ನಾನು ಕಪಿಲ್, ಶ್ರೀನಾಥರ ಕಾಲ ಮರಳಿತೆಂದೇ ಬಗೆದೆ. ಆರೇ ತಿಂಗಳಲ್ಲಿ ನನ್ನ ಎಣಿಕೆ ಸುಳ್ಳಾಯಿತು. 2025ರ ಇಂಗ್ಲೆಂಡ್ ಪ್ರವಾಸದಲ್ಲಿ ಬುಮ್ರಾ ಮೂರು ಟೆಸ್ಟು ಮಾತ್ರ ಆಡಿದರು. ಭಾರತ ಗೆದ್ದದ್ದು ಅವರಿಲ್ಲದ ಎರಡನ್ನು. ಮೊದಲನೆಯದು ಕುಂದರನ್ ಹೊಸ ಚೆಂಡು ಹಿಡಿದ ಅದೇ ಎಜ್‌ಬಾಸ್ಟನ್. ಐವತ್ತೆಂಟು ವರ್ಷಗಳ ಅನಂತರ ಅಲ್ಲಿ ಸಿರಾಜ್, ಆಕಾಶ್ ದೀಪ್ ಇಬ್ಬರೇ ಮೊದಲ ಇನ್ನಿಂಗ್ಸಿನ ಹತ್ತೂ ವಿಕೆಟ್ ಹಂಚಿಕೊಂಡರು; ಆಕಾಶ್ ದೀಪರಿಗೆ ಪಂದ್ಯದಲ್ಲಿ ಹತ್ತು. ಎರಡನೆಯದು ಓವಲ್; ಗೆಲುವಿನ ಅಂತರ ಆರು ರನ್. ಸಿರಾಜರ ಒಂಬತ್ತು ವಿಕೆಟ್ಟನ್ನು ಎಲ್ಲರೂ ಹೊಗಳಿದರು. ನಮ್ಮ ಬೆಂಗಳೂರಿನ ಪ್ರಸಿದ್ಧ ಕೃಷ್ಣ ಎರಡು ಇನ್ನಿಂಗ್ಸುಗಳಲ್ಲಿ ನಾಲ್ಕು ನಾಲ್ಕರಂತೆ ಎಂಟು ಪಡೆದದ್ದನ್ನು ಅಷ್ಟಾಗಿ ಯಾರೂ ಎತ್ತಿ ಆಡಲಿಲ್ಲ. ಆಳವೆಂದರೆ ಆ ಎಂಟು.

ಇನ್ನು ಇಂದಿನ ತಾರತಮ್ಯ. ಪ್ರಥಮ ಸ್ಥಾನ ಆಸ್ಟ್ರೇಲಿಯಕ್ಕೆ. ಸ್ಕಾಟ್ ಬೋಲಂಡ್ 2021ರ ಡಿಸೆಂಬರಿನಲ್ಲಿ ಮೆಲ್ಬರ್ನಿನ ತಮ್ಮ ಮೊದಲ ಟೆಸ್ಟಿನಲ್ಲಿ ನಾಲ್ಕು ಓವರುಗಳಲ್ಲಿ 7 ರನ್ನಿಗೆ 6 ವಿಕೆಟ್ ಕಿತ್ತಾಗ ವಯಸ್ಸು ಮೂವತ್ತೆರಡು. ಅಲ್ಲಿಯವರೆಗೆ ಅವರಿಗೆ ಬಾಗಿಲು ತೆರೆದಿರಲಿಲ್ಲ. 2025ರ ನವೆಂಬರಿನಲ್ಲಿ ಪರ್ತ್‌ನಲ್ಲಿ ಕಮಿನ್ಸ್, ಹೇಜಲ್‌ವುಡ್ ಇಬ್ಬರೂ ಇಲ್ಲದೆ, ಸ್ಟಾರ್ಕರೊಡನೆ ಬೋಲಂಡ್, ಹೊಸಬ ಡಾಗೆಟ್ ಸೇರಿ ಇಂಗ್ಲೆಂಡನ್ನು ಎರಡೇ ದಿನದಲ್ಲಿ ಸೋಲಿಸಿದರು. ಮುಂದಿನ ಬ್ರಿಸ್ಬೇನ್ ಟೆಸ್ಟಿನಲ್ಲಿ ಮೈಕೆಲ್ ನೀಸರ್ ಐದು ವಿಕೆಟ್ ಪಡೆದರು. ನನ್ನ ಲಕ್ಷಣ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಒಂದೇ ಆತಂಕ, ಸ್ಟಾರ್ಕ್, ಹೇಜಲ್‌ವುಡ್, ಬೋಲಂಡ್, ನೀಸರ್ ಎಲ್ಲರೂ ಮೂವತ್ತೈದರ ಆಸುಪಾಸಿನವರು ಅಥವಾ ಅದನ್ನು ಮೀರಿದವರು.

ಎರಡನೆಯದು ದಕ್ಷಿಣ ಆಫ್ರಿಕ. 2025ರ ಜೂನ್‌ನಲ್ಲಿ ಲಾರ್ಡ್ಸಿನ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ ಫೈನಲ್ಲಿನಲ್ಲಿ ರಬಾಡ ಒಂಬತ್ತು ವಿಕೆಟ್ ಪಡೆದರು. ಅದೇ ವರ್ಷದ ನವೆಂಬರಿನಲ್ಲಿ ಆ ರಬಾಡರಿಲ್ಲದೆಯೇ ಅವರು ನಮ್ಮ ನೆಲದಲ್ಲಿ ನಮ್ಮನ್ನು 2-0ರಿಂದ ಸೋಲಿಸಿದರು. ಆ ಸರಣಿಯಲ್ಲಿ ಸ್ಪಿನ್ನರ್ ಹಾರ್ಮರರ ಪಾಲೇ ದೊಡ್ಡದೆಂಬ ಆಕ್ಷೇಪ ನ್ಯಾಯವಾದದ್ದು. ಆದರೆ ಗುವಾಹಟಿಯಲ್ಲಿ ಆರೂಮುಕ್ಕಾಲು ಅಡಿಯ ಎಡಗೈ ಬೌಲರ್ ಯಾನ್ಸನ್ 48 ರನ್ನಿಗೆ 6 ವಿಕೆಟ್ ಕಿತ್ತದ್ದನ್ನು ಮರೆಯುವಂತಿಲ್ಲ.

ಭಾರತಕ್ಕೆ ಮೂರನೆಯ ಸ್ಥಾನ ಕೊಡುತ್ತೇನೆ. ಎರಡನೆಯದನ್ನು ಕೊಡದಿರಲು ಕಾರಣ, ಜಹೀರ್ ಖಾನರ ನಂತರ ನೆಲೆನಿಂತ ಎಡಗೈ ವೇಗದ ಬೌಲರನೊಬ್ಬ ನಮಗೆ ದೊರೆಯದಿರುವುದು. ಇಂಗ್ಲೆಂಡಿಗೆ ನಾಲ್ಕನೆಯದು. ಆಂಡರ್‌ಸನ್ (704), ಬ್ರಾಡ್ (604) ಹೋದ ಮೇಲೆ ಅಟ್ಕಿನ್ಸನ್, ಕಾರ್ಸ್, ಟಂಗ್, ಪಾಟ್ಸ್ ಎಂದು ಹೆಸರುಗಳ ಸಾಲೇನೋ ಉದ್ದವಾಗಿದೆ. ಹದಿನೆಂಟು ಕೌಂಟಿಗಳ ನಾಡಿಗೆ ಹೆಸರುಗಳಿಗೆ ಕೊರತೆಯಿಲ್ಲ. ಆದರೆ ಅವರಲ್ಲಿ ಅತಿ ವೇಗದವರಾದ ವುಡ್, ಆರ್ಚರ್ ಆಡಿದ್ದಕ್ಕಿಂತ ಚಿಕಿತ್ಸೆಯಲ್ಲಿ ಕಳೆದದ್ದೇ ಹೆಚ್ಚು: ಆರ್ಚರ್ 2021ರ ಫೆಬ್ರವರಿಯ ನಂತರ ಮತ್ತೆ ಟೆಸ್ಟ್ ಆಡಿದ್ದು 2025ರ ಜುಲೈಯಲ್ಲಿ. ಐದನೆಯದಾದ ನ್ಯೂಜಿಲೆಂಡಿನ ಬಗ್ಗೆ ಬೆಂಗಳೂರಿನವರನ್ನೇ ಕೇಳಬೇಕು. 2024ರ ಅಕ್ಟೋಬರಿನಲ್ಲಿ ಚಿನ್ನಸ್ವಾಮಿ ಮೈದಾನದಲ್ಲಿ, ಸೌದಿ, ಬೋಲ್ಟ್, ವ್ಯಾಗ್ನರರ ನೆರಳಿನಲ್ಲಿ ವರ್ಷಗಟ್ಟಲೆ ಕಾದಿದ್ದ ಮ್ಯಾಟ್ ಹೆನ್ರಿ 15 ರನ್ನಿಗೆ 5, ಹೊಸಬ ಓರೂರ್ಕ್ 22 ರನ್ನಿಗೆ 4 ವಿಕೆಟ್ ಪಡೆದು ಭಾರತವನ್ನು 46ಕ್ಕೆ ಮುಗಿಸಿದರು. ಐವತ್ತು ಲಕ್ಷ ಚಿಲ್ಲರೆ ಜನರ ದೇಶ ಅದು.

ಪಾಕಿಸ್ತಾನವನ್ನು ಆರನೆಯದಾಗಿ ಬರೆಯುವಾಗ ಲೇಖನಿ ಹಿಂಜರಿಯುತ್ತದೆ. ಇಮ್ರಾನ್, ವಾಸಿಂ, ವಕಾರ್ ಬಂದ ನೆಲವದು; ಹಳೆಯ ಚೆಂಡನ್ನು ವಿಲೋಮವಾಗಿ ತಿರುಗಿಸುವ ವಿದ್ಯೆಯನ್ನು ಸರ್ಫರಾಜ್ ನವಾಜರಿಂದ ಇಮ್ರಾನ್, ಇಮ್ರಾನರಿಂದ ವಾಸಿಂ, ವಕಾರ್ ಪಡೆದದ್ದು ನಮ್ಮ ಗುರುಶಿಷ್ಯ ಪರಂಪರೆಯನ್ನೇ ನೆನಪಿಸುತ್ತದೆ. ಅಂಥ ದೇಶ 2024ರ ಅಕ್ಟೋಬರಿನಲ್ಲಿ ಮುಲ್ತಾನಿನಲ್ಲಿ ಒಬ್ಬನೇ ವೇಗದ ಬೌಲರನನ್ನು ಆಡಿಸಿ, ಇಪ್ಪತ್ತು ವಿಕೆಟ್ಟನ್ನೂ ಇಬ್ಬರು ಸ್ಪಿನ್ನರುಗಳಿಂದ ಪಡೆದು ಗೆದ್ದಿತು. ಗೆದ್ದಿತು, ನಿಜ. ಅದಕ್ಕೆ ಎರಡು ತಿಂಗಳ ಹಿಂದೆಯಷ್ಟೇ ರಾವಲ್ಪಿಂಡಿಯಲ್ಲಿ ಬಾಂಗ್ಲಾದೇಶಕ್ಕೆ 2-0ರಿಂದ ಸೋತಿತ್ತು. ಎರಡನೆಯ ಟೆಸ್ಟಿನ ಎರಡನೆಯ ಇನ್ನಿಂಗ್ಸಿನಲ್ಲಿ ಅದರ ಹತ್ತು ವಿಕೆಟ್ಟನ್ನೂ ಕಿತ್ತವರು ಬಾಂಗ್ಲಾದ ವೇಗದ ಬೌಲರರು. ವೆಸ್ಟ್ ಇಂಡೀಸನ್ನು ಏಳನೆಯದಾಗಿಯೂ ಬಾಂಗ್ಲಾದೇಶ, ಶ್ರೀಲಂಕಗಳನ್ನು ಅದರ ಹಿಂದೆಯೂ ಇಟ್ಟಿದ್ದೇನೆ. ಗಣಿತದ ಮೇಷ್ಟರು ಇಂಗ್ಲೆಂಡಿನ ಸ್ಥಾನವನ್ನು ಒಪ್ಪಿಲ್ಲ. ಮೆಲ್ಬರ್ನಿನಲ್ಲಿ 2025ರ ಡಿಸೆಂಬರಿನಲ್ಲಿ ವುಡ್, ಆರ್ಚರ್ ಇಲ್ಲದೆಯೇ ಅದು ಎರಡು ದಿನದಲ್ಲಿ ಗೆದ್ದುದನ್ನು ಅವರು ಪೂರ್ವಪಕ್ಷವಾಗಿ ಮಂಡಿಸಿದ್ದಾರೆ. ಆ ಸರಣಿಯನ್ನು ಅದು 4-1ರಿಂದ ಸೋತಿತೆಂಬುದೇ ಸದ್ಯಕ್ಕೆ ನನ್ನ ಸಮಾಧಾನ.